ಮೇಷ್ಟ್ರ ನಲವತ್ತು ದಿನ

ವೆಲಿಚ್ಕೊ ದ್ರಾಗ್ನೆವ್ ಮೇಷ್ಟ್ರನ್ನು ಮಣ್ಣು ಮಾಡಿ ಬಂದ ಮಾರನೆಯ ದಿನವೇ ಮನೆಯಲ್ಲಿ ಜಗಳ ಹತ್ತಿಕೊಂಡಿತು. ಕಾರಣ ಆಸ್ತಿಯಲ್ಲ, ಒಡವೆಯಲ್ಲ, ಒಂದು ಅಲ್ಪವಿರಾಮ.

ಗೋರ್ನಾ ಲಿಪಾ ಪಟ್ಟಣದಲ್ಲಿ ಯಾರು ತೀರಿಕೊಂಡರೂ ಫೋಟೊ ಹಾಕಿದ ನಿಧನಪತ್ರ ಅಚ್ಚಾಗಿ ಗೇಟಿಗೆ, ದೀಪದ ಕಂಬಕ್ಕೆ, ಬಸ್ ನಿಲ್ದಾಣದ ಗೋಡೆಗೆ ಅಂಟುತ್ತದೆ. ಮೇಷ್ಟ್ರು ಬದುಕಿದ್ದಾಗ ಕೋಟಿನ ಜೇಬಿನಲ್ಲಿ ಕೆಂಪು ಪೆನ್ನು ಇಟ್ಟುಕೊಂಡೇ ಓಡಾಡುತ್ತಿದ್ದರು. ಯಾರ ನಿಧನಪತ್ರದಲ್ಲಿ ತಪ್ಪು ಕಂಡರೂ ಮಳೆಯೋ ಹಿಮವೋ ನೋಡದೆ ಅಲ್ಲೇ ನಿಂತು ತಿದ್ದುತ್ತಿದ್ದರು. "ಪಾಪ, ಸತ್ತೋರು ಎದ್ದು ಬಂದು ತಿದ್ದೋಕಾಗುತ್ತಾ? ಅವರ ಪರವಾಗಿ ನಾನು ತಿದ್ತೀನಿ" ಎನ್ನುತ್ತಿದ್ದರು. ಸತ್ತವರ ಮಕ್ಕಳು ಸಿಟ್ಟಾದರೆ ಅವರನ್ನೂ ತಿದ್ದುತ್ತಿದ್ದರು, ಯಾಕೆಂದರೆ ಆ ಮಕ್ಕಳೂ ಅವರ ವಿದ್ಯಾರ್ಥಿಗಳೇ. ನಲವತ್ತೊಂದು ವರ್ಷ ಅದೇ ಶಾಲೆಯಲ್ಲಿ ಭಾಷೆ ಕಲಿಸಿದವರು. ಊರಿನಲ್ಲಿ ಪೆನ್ನು ಹಿಡಿದ ಕೈಯೆಲ್ಲ ಅವರ ಬೈಗುಳ ತಿಂದದ್ದೇ.

ಈಗ ಅವರದೇ ಪತ್ರದಲ್ಲಿ, 'ನಮಗೆ ಬರೆಯಲು ಕಲಿಸಿದ' ಎಂಬ ಸಾಲಿನಲ್ಲೇ, ಉಪವಾಕ್ಯ ಮುಗಿಯುವಲ್ಲಿ ಇರಬೇಕಾದ ಅಲ್ಪವಿರಾಮ ಇರಲಿಲ್ಲ.

ಮೊದಲು ಕಂಡದ್ದು ಮೊಮ್ಮಗಳು ಕಾಲಿನಾಗೆ. ಸೊಸೆ ಝಿವ್ಕಾಳ ಮಗಳು, ಹದಿನೇಳರ ಹುಡುಗಿ. ಗೇಟಿನ ಹತ್ತಿರ ಹೋದವಳು ಅಡುಗೆಮನೆಗೆ ಓಡಿಬಂದಳು.

"ಅಮ್ಮ, ಅಜ್ಜನ ಪತ್ರದಲ್ಲಿ ತಪ್ಪಿದೆ!"

"ಏನು ತಪ್ಪು?" ಎಂದು ಝಿವ್ಕಾಗಿಂತ ಮೊದಲೇ ಮೇಲಕ್ಕೆದ್ದವಳು ಬೊರಿಯಾನಾ. ಮೇಷ್ಟ್ರ ಮಗಳು, ದೂರದ ನಗರ ಪ್ಲೊವ್‌ದಿವ್‌ನಲ್ಲಿ ಬ್ಯಾಂಕಿನ ಕೆಲಸ. ಪತ್ರ ಬರೆದದ್ದು ಅವಳೇ. "ನಾನು ಸರಿಯಾಗೇ ಬರೆದಿದ್ದೆ. ಆ ಮಿಂಚೊ ಅಚ್ಚು ಹಾಕೋವಾಗ ನುಂಗಿದಾನೆ."

ಮಿಂಚೊ ಊರಿನ ಮುದ್ರಕ. ಅವನೂ ಆ ಹೊತ್ತಿಗೆ ಅದೇ ಅಡುಗೆಮನೆಯಲ್ಲಿ ಕೂತು ಝಿವ್ಕಾ ಕೊಟ್ಟ ಕಾಫಿ ಕುಡಿಯುತ್ತಿದ್ದ. ಬಟ್ಟಲು ಕೆಳಗಿಟ್ಟ.

"ನಾನು ನುಂಗೋನಲ್ಲಮ್ಮ. ನೀವು ಫೋನಿನಲ್ಲಿ ಕಳಿಸಿದ್ದನ್ನ ಹಾಗೇ ಹಾಕಿದೀನಿ. ಬೇಕಾದ್ರೆ ತೋರಿಸ್ತೀನಿ, ಇಲ್ಲೇ ಇದೆ."

"ಅಪ್ಪ ಸತ್ತ ದಿನ ಬರೆದಿದ್ದು! ಕಣ್ಣಲ್ಲಿ ನೀರಿತ್ತು! ನಿಮಗೆ ಗೊತ್ತಾಗಬಾರದಿತ್ತಾ?"

"ನಂಗೂ ನೀರಿತ್ತಲ್ಲಮ್ಮ."

ಝಿವ್ಕಾ ಈ ಮನೆಯ ಸೊಸೆ, ಮೇಷ್ಟ್ರ ಮಗ ಓಗ್ನ್ಯಾನನ ಹೆಂಡತಿ. ಊರಿನ ಶಿಶುವಿಹಾರದಲ್ಲಿ ಅಡುಗೆಯವಳು. ಅಲ್ಲಿ ಎಂಬತ್ತು ಮಕ್ಕಳಿಗೆ ಬೇಯಿಸಿ ಬಂದು ಇಲ್ಲಿ ಮೂರು ದಿನದಿಂದ ಊರಿಗೆಲ್ಲ ಬೇಯಿಸುತ್ತಿದ್ದಳು. ಜಗಳವನ್ನು ಅವರವರಿಗೇ ಬಿಟ್ಟು ಕಸದ ಬಕೆಟ್ ಹಿಡಿದು ಹೊರಗೆ ಹೋದಳು. ಗೇಟಿನ ಎದುರು ನಿಂತು ಪತ್ರವನ್ನು ಮೊದಲಿಂದ ಕೊನೆಯವರೆಗೂ ಓದಿದಳು. ಅಲ್ಪವಿರಾಮ ಅವಳಿಗೇನೂ ಗೊತ್ತಾಗಲಿಲ್ಲ. ಕೆಳಗಿನ ಸಾಲು ಗೊತ್ತಾಯಿತು: 'ಪ್ರೀತಿಯ ಪತಿ, ತಂದೆ, ಅಜ್ಜ ಮತ್ತು ಗುರು.'

ಇನ್ನೊಂದು ಸಲ ಓದಿದಳು. ಬೇರೆ ಮನೆಗಳ ಪತ್ರದಲ್ಲಿ ಇನ್ನೊಂದು ಪದ ಇರುತ್ತದೆ. ಎದುರು ಮನೆಯ ಕುಡುಕ ಸತ್ತಾಗಲೂ ಇತ್ತು: ಮಾವ.

ಬಕೆಟ್ ಖಾಲಿ ಮಾಡಿ ಒಳಗೆ ಬಂದಳು. "ಇನ್ನೊಂದು ಕಾಫಿ ಸಿಗುತ್ತಾ ಝಿವ್ಕಾ?" ಎಂದ ಮಿಂಚೊ. ಕೊಟ್ಟಳು.

ಬೊರಿಯಾನಾ ಮೂರನೆಯ ದಿನದ ಪ್ರಾರ್ಥನೆ ಮುಗಿಸಿ ಊರಿಗೆ ಹೊರಟಳು. ಅವಳು ಹೊರಟ ಮಧ್ಯಾಹ್ನವೇ ಮೆಣಸಿನಕಾಯಿ ಬಂತು. ಚಳಿಗಾಲಕ್ಕೆ ಬಾಟಲಿ ತುಂಬಲು ಕೆಂಪು ದೊಣ್ಣೆ ಮೆಣಸಿನಕಾಯಿ, ಅರವತ್ತು ಕಿಲೊ. ಮೇಷ್ಟ್ರ ಹೆಂಡತಿ, ಝಿವ್ಕಾಳ ಅತ್ತೆ ತ್ಸೊನಾ ಆಗಸ್ಟಿನಲ್ಲೇ ಹೇಳಿಟ್ಟಿದ್ದರು. ವ್ಯಾನಿನವನು ಚೀಲಗಳನ್ನು ಅಂಗಳದಲ್ಲಿಳಿಸಿ, ಟೋಪಿ ತೆಗೆದು, "ಮೇಷ್ಟ್ರು ದೇವರಂಥೋರು" ಎಂದು ಕಣ್ಣೊರೆಸಿಕೊಂಡು ಹೋದ.

"ವಾಪಸ್ ಕಳಿಸೋಣ ಅತ್ತೆ" ಎಂದಳು ಝಿವ್ಕಾ. "ಈ ವರ್ಷ ಬೇಡ."

"ಸತ್ತಿರೋದು ಅವರು. ನಾವು ಚಳಿಗಾಲದಲ್ಲಿ ತಿನ್ನಬೇಡವಾ?" ಎಂದರು ತ್ಸೊನಾ. ಎಪ್ಪತ್ತೊಂಬತ್ತರ ಹೆಂಗಸು, ಸೊಂಟ ಸರಿಯಿಲ್ಲ, ಊರುಗೋಲಿಲ್ಲದೆ ನಡೆಯಲಾರರು. ಆದರೆ ಮಾತಿಗೆ ಯಾವ ಕೋಲೂ ಬೇಡ.

ಹಾಗಾಗಿ ಶಿಶುವಿಹಾರದಿಂದ ಬಂದಮೇಲೆ ದಿನಾ ಸಂಜೆಯವರೆಗೂ ಅಂಗಳದಲ್ಲಿ ಬೆಂಕಿ ಹಾಕಿ ಮೆಣಸಿನಕಾಯಿ ಸುಡುವುದು, ಸಿಪ್ಪೆ ಸುಲಿಯುವುದು, ಬಾಟಲಿ ಕುದಿಸುವುದು. ಆ ಹೊಗೆಯ ನಡುವೆಯೇ ಹಳೆಯ ವಿದ್ಯಾರ್ಥಿಗಳು ಕಪ್ಪು ಕೋಟು ಹಾಕಿಕೊಂಡು ಕೆಮ್ಮುತ್ತ ಬರುತ್ತಿದ್ದರು. ಬಂದವರು ಬರಿಗೈಲಿ ಬರುತ್ತಿರಲಿಲ್ಲ, ಬರಿಹೊಟ್ಟೆಯಲ್ಲಿ ಹೋಗುತ್ತಲೂ ಇರಲಿಲ್ಲ. ಒಬ್ಬರು ಹೂ ತಂದರೆ ನಾಲ್ವರು ಚೀಸ್ ತುಂಬಿದ ಪದರದ ರೊಟ್ಟಿ ಬಾನಿತ್ಸಾ ತಿನ್ನುತ್ತಿದ್ದರು.

ಎಲ್ಲರ ಬಳಿಯೂ ಒಂದೊಂದು ಕಥೆ. ಬೆಟ್ಟದ ಮೇಲಿನ ಹಳ್ಳಿಯ ಒಬ್ಬ ನರ್ಸಮ್ಮ ಬಂದಿದ್ದಳು. ಏಳನೇ ತರಗತಿಗೆ ಅವಳಪ್ಪ ಶಾಲೆ ಬಿಡಿಸಿ ಕುರಿ ಕಾಯಲು ಹಾಕಿದ್ದನಂತೆ. ಮೇಷ್ಟ್ರು ಮೊಣಕಾಲುದ್ದ ಹಿಮದಲ್ಲಿ ನಡೆದು ಬಂದು, ಬಾಗಿಲಲ್ಲಿ ನಿಂತು, "ಹುಡುಗಿಯನ್ನ ಕಳಿಸೋವರೆಗೂ ನಾನು ಹೋಗಲ್ಲ" ಎಂದು ಕುರಿದೊಡ್ಡಿಯಲ್ಲೇ ಮಲಗಿದರಂತೆ. ಎರಡನೆಯ ದಿನ ಅಪ್ಪ ಸೋತ.

"ಆ ಎರಡು ದಿನ ಇಲ್ಲಿ ಸೌದೆ ಒಡೆದವಳು ನಾನು" ಎಂದರು ತ್ಸೊನಾ. "ಓಗ್ನ್ಯಾನನಿಗೆ ಜ್ವರ ಬೇರೆ."

ನರ್ಸಮ್ಮ ಅದನ್ನು ಕೇಳಿಸಿಕೊಳ್ಳಲಿಲ್ಲ. ಅಳುತ್ತಿದ್ದಳು. ಹೋಗುವಾಗ ಝಿವ್ಕಾಳ ಕೈ ಹಿಡಿದು, "ಪುಣ್ಯವಂತರು. ಕೊನೇಗಾಲದಲ್ಲಿ ಮಗಳು ಚೆನ್ನಾಗಿ ನೋಡಿಕೊಂಡ್ರಂತೆ" ಎಂದಳು.

"ಯಾರು ಹೇಳಿದ್ದು?"

"ಪತ್ರದಲ್ಲಿ ಎಷ್ಟು ಪ್ರೀತಿಯಿಂದ ಬರೆದಿದಾರೆ, ಗೊತ್ತಾಗಲ್ವಾ!"

ಝಿವ್ಕಾಳ ಕೈಯೆಲ್ಲ ಮೆಣಸಿನಕಾಯಿ ಮಸಿ. ಅದೇ ಮಸಿ ನರ್ಸಮ್ಮನ ಕೈಗೂ ಆಯಿತು. ಒರೆಸಿಕೊಳ್ಳಲು ಬಟ್ಟೆ ಕೊಡಲಿಲ್ಲ.

ನಾಲ್ಕು ವರ್ಷದ ಹಿಂದೆ ಮೇಷ್ಟ್ರಿಗೆ ಲಕ್ವ ಹೊಡೆದಿತ್ತು. ಬಲಗೈ ಹೋಯಿತು, ಮಾತು ಹೋಯಿತು. ತಿದ್ದುವುದು ಹೋಗಲಿಲ್ಲ. ಝಿವ್ಕಾ ಪತ್ರಿಕೆ ಓದಿ ಹೇಳುವಾಗ ಉಚ್ಚಾರ ತಪ್ಪಿದರೆ ಎಡಗೈಯ ಬೆರಳು ಮೇಲೇಳುತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅವರ ಮೈ ಒರೆಸಿ, ಗಂಜಿ ತಿನ್ನಿಸಿ, ಮಧ್ಯಾಹ್ನ ಓಡಿಬಂದು ಮಗ್ಗುಲು ಬದಲಿಸಿ, ಮತ್ತೆ ಓಡುತ್ತಿದ್ದಳು. ಬೊರಿಯಾನಾ ಭಾನುವಾರ ಫೋನು ಮಾಡುತ್ತಿದ್ದಳು.

ಓಗ್ನ್ಯಾನ್ ಜಿಲ್ಲಾ ಕೇಂದ್ರಕ್ಕೆ ಹೋಗುವ ಬಸ್ಸಿನ ಚಾಲಕ. ಸಂಜೆ ಮನೆಗೆ ಬಂದು, ಬೀನ್ಸ್ ಕಾಳಿನ ಸಾರಿಗೆ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತ ಕೇಳಿದ:

"ಯಾಕೆ, ಒಂದು ವಾರದಿಂದ ಮುಖ ಹಿಂಗಿದೆ?"

"ಹೆಂಗಿದೆ?"

"ನಾನೇನೋ ಮಾಡಿದೀನಿ ಅನ್ನೋ ಹಂಗೆ."

"ನೀನೇನೂ ಮಾಡಿಲ್ಲ. ಅದು ನಿಜ. ತಿಂದಾದ ಮೇಲೆ ಆ ಬಾಣಲೆ ಮೆಣಸಿನಕಾಯಿ ಸುಲಿ."

"ನಾನು ಹತ್ತು ಗಂಟೆ ಬಸ್ಸು ಓಡಿಸಿ..."

"ನಾನು ಬಸ್ಸಿಲ್ಲದೇ ಓಡಿದೀನಿ. ಸುಲಿ."

ಸುಲಿದ. ಅರ್ಧ ಸಿಪ್ಪೆ ಅದರಲ್ಲೇ ಬಿಟ್ಟಿದ್ದ. ಝಿವ್ಕಾ ಎಲ್ಲವನ್ನೂ ಮತ್ತೆ ಕೈಗೆತ್ತಿಕೊಂಡಳು.

ಮೂರನೆಯ ವಾರ ಊರಿನಲ್ಲಿ ಒಂದು ಗುಸುಗುಸು ಎದ್ದಿತು. ಅಂಚೆ ಕಚೇರಿಯ ಬಾಗಿಲಲ್ಲಿದ್ದ ಮೇಷ್ಟ್ರ ಪತ್ರದಲ್ಲಿ ಯಾರೋ ಕೆಂಪು ಪೆನ್ನಿನಿಂದ ಅಲ್ಪವಿರಾಮ ಹಾಕಿದ್ದರು. ಮರುದಿನ ಔಷಧಿ ಅಂಗಡಿಯ ಹತ್ತಿರದ ಕಂಬದಲ್ಲಿ. ಅದರ ಮರುದಿನ ಚರ್ಚಿನ ಕಾಂಪೌಂಡಿನಲ್ಲಿ. ದಪ್ಪಗೆ, ಬಾಲ ಎಳೆದು, ಥೇಟ್ ಮೇಷ್ಟ್ರು ಹಾಕುತ್ತಿದ್ದ ಹಾಗೆ. ಎರಡು ಜನ ಮುದುಕಿಯರು ಶಿಲುಬೆಯ ಗುರುತು ಮಾಡಿಕೊಂಡರು. ಯಾರೋ ಫೋಟೊ ತೆಗೆದು ಬೊರಿಯಾನಾಗೆ ಕಳಿಸಿದರು.

ಫೋನು ಬಂತು.

"ಝಿವ್ಕಾ, ಇದು ನಿನ್ನ ಕೆಲಸಾನಾ?"

"ಯಾವುದು ಅಕ್ಕ?"

"ನನ್ನ ಮರ್ಯಾದೆ ತೆಗೀಬೇಕು ಅಂತ ಮಾಡಿದೀಯ. ಊರೆಲ್ಲ ನಗ್ತಿದೆ. ಮೇಷ್ಟ್ರ ಮಗಳಿಗೆ ಅಲ್ಪವಿರಾಮ ಹಾಕೋಕೆ ಬರಲ್ಲ ಅಂತ."

"ನಿಮ್ಮಪ್ಪ ನಂಗೆ ಶಾಲೇಲಿ ಕೊಟ್ಟಿದ್ದು ಮೂರು ಅಂಕ. ಆರಕ್ಕೆ ಮೂರು. ಅದು ಎಲ್ಲಿ ಹಾಕಬೇಕು ಅಂತ ಗೊತ್ತಿದ್ರೆ ನಾನ್ಯಾಕೆ ಅಡುಗೆ ಮಾಡ್ಕೊಂಡಿರ್ತಿದ್ದೆ?"

"ಮತ್ತೆ ಯಾರು?"

"ನಂಗೆ ಗೊತ್ತಿಲ್ಲ. ಒಲೆ ಮೇಲೆ ಬಾಟಲಿ ಕುದೀತಿದೆ. ಇಡ್ತೀನಿ."

ಇಟ್ಟಳು. ಪದ್ಧತಿಯಂತೆ ನಲವತ್ತನೇ ದಿನದ ಸ್ಮರಣೆಗೆ ಅಂಟಿಸುವ ಹೊಸ ಪತ್ರವನ್ನೂ ತಾನೇ ಬರೆದು ಕಳಿಸುವುದಾಗಿ ಬೊರಿಯಾನಾ ಆಮೇಲೆ ಸಂದೇಶ ಹಾಕಿದಳು. ಈ ಸಲ ಪದ್ಯದಲ್ಲಿ.

ಕಳ್ಳ ಸಿಕ್ಕಿದ್ದು ಶುಕ್ರವಾರ ಮಧ್ಯಾಹ್ನ. ಓಗ್ನ್ಯಾನ್ ಬಸ್ಸು ತಂದು ನಿಲ್ದಾಣಕ್ಕೆ ತಿರುಗಿಸುತ್ತಾನೆ, ಗೋಡೆಯ ಮುಂದೆ ಅವನ ತಾಯಿ! ಊರುಗೋಲನ್ನು ಬೆಂಚಿಗೆ ಒರಗಿಸಿ, ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರಲ್ಲಿ ಕೆಂಪು ಪೆನ್ನು ಹಿಡಿದು ತುದಿಗಾಲಲ್ಲಿ ನಿಂತಿದ್ದರು. ಪ್ರಯಾಣಿಕರು ಇಳಿಯುವುದನ್ನೂ ಕಾಯದೆ ಅವನು ಇಳಿದ. ತಾಯಿಯನ್ನು ಬಸ್ಸಿಗೆ ಹತ್ತಿಸಿ, ಹನ್ನೆರಡು ಜನ ಪ್ರಯಾಣಿಕರ ಸಮೇತ, ಆ ಬೀದಿಯಲ್ಲಿ ಎಂದೂ ಬಸ್ಸು ಹೋಗದಿದ್ದರೂ, ಮನೆಯ ಮುಂದೆ ತಂದು ನಿಲ್ಲಿಸಿದ.

"ಝಿವ್ಕಾ! ಅಮ್ಮನ್ನ ಇಳಿಸ್ಕೋ!"

ಝಿವ್ಕಾ ಹಿಟ್ಟಿನ ಕೈಯಲ್ಲೇ ಬಂದಳು. ಅತ್ತೆ ಊಟವಾದ ಮೇಲೆ ಮಲಗಿದ್ದಾರೆ ಎಂದೇ ಅವಳು ತಿಳಿದಿದ್ದಳು. ಹತ್ತು ದಿನದಿಂದ ದಿನವೂ ಹಾಗೇ ತಿಳಿದಿದ್ದಳು.

"ನೀವೇನಾ? ಇಷ್ಟು ದೂರ? ಈ ಸೊಂಟದಲ್ಲಿ?"

"ಅವರು ಹೋದ ಮೇಲೆ ಅದನ್ನ ಮತ್ಯಾರು ಮಾಡಬೇಕು?" ತ್ಸೊನಾ ಮೆಲ್ಲಗೆ ಇಳಿದರು. "ಊರ ತುಂಬ ಆ ತಪ್ಪಿನ ಕೆಳಗೆ ಅವರ ಮುಖ ಇದೆ. ನನಗೆ ನಿದ್ದೆ ಬರಲ್ಲ."

"ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ನೋಡ್ಕೋಬೇಕು?"

ತ್ಸೊನಾ ಅಚ್ಚರಿಯಿಂದ ಅವಳ ಮುಖ ನೋಡಿದರು. "ನೀನು" ಎಂದರು.

ಅಷ್ಟೇ ಸಾಕಾಯಿತು.

"ಹೌದು, ನಾನೇ!" ಎಂದಳು ಝಿವ್ಕಾ. ಬಸ್ಸಿನ ಕಿಟಕಿಗಳಲ್ಲಿ ಹನ್ನೆರಡು ತಲೆ ಸಾಲಾಗಿ ಕಾಣಿಸಿದವು, ಅವಳಿಗೆ ಲೆಕ್ಕಕ್ಕಿಲ್ಲ. "ನಾನಲ್ದೆ ಇನ್ಯಾರು! ನಾಲ್ಕು ವರ್ಷ ಅವರನ್ನ ನೋಡ್ಕೊಂಡೆ, ಇನ್ನು ನಿಮ್ಮನ್ನ ನೋಡ್ಕೋತೀನಿ, ನಡುವೆ ಅರವತ್ತು ಕಿಲೊ ಮೆಣಸಿನಕಾಯಿ! ಎಷ್ಟು ಹಾಳೆ ತಿದ್ದಿದ್ರಿ ಅತ್ತೆ?"

"ಹನ್ನೊಂದು."

"ಹನ್ನೊಂದರಲ್ಲೂ ಅಲ್ಪವಿರಾಮ ಇಲ್ದಿರೋದು ಕಂಡಿತು. ನಾನು ಇಲ್ದಿರೋದು ಕಾಣಿಸ್ಲಿಲ್ವಾ?"

"ನೀನು ಎಲ್ಲಿ?"

ಝಿವ್ಕಾ ಗೇಟಿನ ಮೇಲಿನ ಪತ್ರವನ್ನು ಹಿಟ್ಟಿನ ಕೈಯಲ್ಲಿ ಕಿತ್ತು ಅವರ ಮೂಗಿನ ಮುಂದೆ ಹಿಡಿದಳು. ತ್ಸೊನಾ ಕನ್ನಡಕ ಸರಿಮಾಡಿಕೊಂಡರು. ಒಳಗಿಂದ ಬಂದ ಕಾಲಿನಾ ಅಜ್ಜಿಯ ಭುಜದ ಮೇಲಿಂದ ಓದಿದಳು: "ಪತಿ, ತಂದೆ, ಅಜ್ಜ ಮತ್ತು ಗುರು... ಓ. ಮಾವ ಇಲ್ಲ."

ಆಗ ಓಗ್ನ್ಯಾನ್, ಸಮಾಧಾನ ಮಾಡಬೇಕೆಂದೇ, ಒಂದು ಮಾತು ಹೇಳಿದ: "ಅಯ್ಯೋ, ಅಷ್ಟಕ್ಕೇನಾ?"

"ಅಷ್ಟಕ್ಕೇ" ಎಂದಳು ಝಿವ್ಕಾ. ಪತ್ರವನ್ನು ಅವನ ಕೈಗಿತ್ತು ಒಳಗೆ ಹೋಗಿ ಮಲಗಿಬಿಟ್ಟಳು. ಬಸ್ಸಿನಲ್ಲಿದ್ದ ಒಬ್ಬ ಹೆಂಗಸು ಕಿಟಕಿಯಿಂದ ತಲೆ ಹೊರಹಾಕಿ, "ಹೋಗಪ್ಪ, ಮೊದಲು ಹೋಗಿ ಕ್ಷಮೆ ಕೇಳು. ನಾವು ಕಾಯ್ತೀವಿ" ಎಂದಳು. ಅವನು ಕೇಳಲಿಲ್ಲ. ಬಸ್ಸು ತಡವಾಗಿತ್ತು. ಸಂಜೆ ಬಂದು ತಾನೇ ಮೊಟ್ಟೆ ಹುರಿದು ಎಲ್ಲರಿಗೂ ಬಡಿಸಿದ. ಅಡಿ ಸೀದಿತ್ತು. ಒಂದು ತಟ್ಟೆಯನ್ನು ಮಲಗುವ ಕೋಣೆಯ ಬಾಗಿಲ ಹತ್ತಿರ ತಂದು, "ನಂಗೂ ಕಾಣಿಸ್ಲಿಲ್ಲ. ದಿನಾ ನಾಲ್ಕು ಸಲ ಅದರ ಮುಂದೆ ಬಸ್ಸು ನಿಲ್ಲಿಸಿದೀನಿ" ಎಂದ. ಝಿವ್ಕಾ ತಿಂದಳು. ಹಸಿವಾಗಿತ್ತು.

ಬೆಳಿಗ್ಗೆ ಅಡುಗೆಮನೆಯಲ್ಲಿ ತ್ಸೊನಾ ಅವಳಿಗಿಂತ ಮೊದಲೇ ಎದ್ದು ಕೂತಿದ್ದರು.

"ನಲವತ್ತರ ಪತ್ರ ನೀನು ಬರಿ."

"ಅಕ್ಕ ಪದ್ಯ ಬರೀತಿದಾರೆ."

"ಅವಳ ಪದ್ಯ ನಾನು ನೋಡಿದೀನಿ. ಮೋಡ, ನಕ್ಷತ್ರ, ದೇವದೂತ. ನಾನು ಕಟ್ಟಿಕೊಂಡಿದ್ದು ದೇವದೂತನನ್ನಲ್ಲ. ನೀನು ಬರಿ."

"ನಂಗೆ ಬರಲ್ಲ ಅತ್ತೆ. ನಂದು ಮೂರು ಅಂಕ."

"ಮೂರು ಅಂದ್ರೆ ಪಾಸು" ಎಂದರು ತ್ಸೊನಾ. "ಅವರು ಯಾರಿಗೂ ಪುಕ್ಕಟೆ ಪಾಸು ಮಾಡ್ತಿರಲಿಲ್ಲ."

ಝಿವ್ಕಾ ಒಪ್ಪಲಿಲ್ಲ. ಆದರೆ ಅಕ್ಟೋಬರ್ ಕೊನೆಯಲ್ಲಿ ಎಲೆಕೋಸು ಬಂತು. ಪೀಪಾಯಿಗೆ ಹಾಕಿ ಉಪ್ಪುನೀರು ಸುರಿಯುವ ಕೆಲಸ. ಕೋಸು ಹೆಚ್ಚುವಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಅವಳು ಒಂದೊಂದು ಸಾಲು ಗೊಣಗಿಕೊಂಡಳು. ತ್ಸೊನಾ "ಅದಲ್ಲ" ಎಂದರು, "ಇದು ಸುಳ್ಳು" ಎಂದರು. "ಹಾಗಾದ್ರೆ ನೀವೇ ಬರೀರಿ!" ಎಂದು ಅವಳು ಚಾಕು ಎಸೆದಳು, ಮತ್ತೆ ಎತ್ತಿಕೊಂಡಳು. ಕಡೆಗೆ ಶಿಶುವಿಹಾರದ ಊಟದ ಪಟ್ಟಿಯ ಹಿಂಬದಿಯಲ್ಲಿ ಬರೆದು, ಭಾನುವಾರ ಮಧ್ಯಾಹ್ನದ ಊಟಕ್ಕೆ ಕೂತಾಗ ಏಪ್ರನ್ನಿಗೆ ಕೈ ಒರೆಸಿಕೊಂಡು ಓದಿದಳು:

'ವೆಲಿಚ್ಕೊ ದ್ರಾಗ್ನೆವ್ ಮೇಷ್ಟ್ರು ಹೋಗಿ ನಲವತ್ತು ದಿನವಾಯಿತು. ಪತಿ, ತಂದೆ, ಮಾವ, ಅಜ್ಜ. ನಲವತ್ತೊಂದು ವರ್ಷ ಈ ಊರನ್ನು ತಿದ್ದಿದರು. ಮಾತು ಹೋದ ಮೇಲೂ ನಾಲ್ಕು ವರ್ಷ ನಮ್ಮನ್ನು ತಿದ್ದಿದರು. ಮನೆಯಲ್ಲಿ ಸುಲಭದ ಮನುಷ್ಯರಾಗಿರಲಿಲ್ಲ. ಈಗ ಮನೆ ಸುಲಭವಾಗಿದೆ. ಅದೇ ಕಷ್ಟವಾಗಿದೆ. ಊಟಕ್ಕೆ ಬನ್ನಿ.'

ಓಗ್ನ್ಯಾನ್ ಚಮಚ ಕೆಳಗಿಟ್ಟ. ಕಾಲಿನಾ ಹಾಳೆ ಎಳೆದುಕೊಂಡು, "ಎರಡು ಕಾಗುಣಿತ ತಪ್ಪಿದೆ ಅಮ್ಮ" ಎಂದು ಪೆನ್ನು ಹುಡುಕಿದಳು.

"ತಿದ್ದು" ಎಂದರು ತ್ಸೊನಾ. "ಕಾಗುಣಿತ ಮಾತ್ರ. ಇನ್ನೊಂದಕ್ಷರ ಮುಟ್ಟಿದ್ರೆ ನೋಡು."

ಫೋಟೊ ತೆಗೆದು ಬೊರಿಯಾನಾಗೆ ಕಳಿಸಿದರು. ಐದು ನಿಮಿಷಕ್ಕೆ ಫೋನು ಬಂತು. ಮೇಜಿನ ಮೇಲೆ ಇಟ್ಟರೂ ಅವಳ ದನಿ ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು.

"ನಿಧನಪತ್ರದಲ್ಲಿ 'ಊಟಕ್ಕೆ ಬನ್ನಿ' ಅಂತ ಯಾರಾದ್ರೂ ಬರೀತಾರಾ? 'ಸುಲಭದ ಮನುಷ್ಯರಾಗಿರಲಿಲ್ಲ' ಅಂತೆ! ನಮ್ಮಪ್ಪನ್ನ ಊರ ಮುಂದೆ ಬೈತಿದೀಯಾ?"

"ಬೈತಿಲ್ಲ ಅಕ್ಕ."

"ನಿನಗೆ ಅವರ ಮೇಲೆ ಸಿಟ್ಟು. ಮೂರು ಅಂಕ ಕೊಟ್ರು ಅಂತ ಇವತ್ತಿನವರೆಗೂ ಸಿಟ್ಟು."

"ಸಿಟ್ಟಿದೆ. ಅದಕ್ಕೇ ಅಲ್ಲ."

"ಅಮ್ಮನಿಗೆ ಕೊಡು ಫೋನು!"

ತ್ಸೊನಾ ಬಾಯಿ ಒರೆಸಿಕೊಂಡು ಫೋನಿನ ಕಡೆ ಬಾಗಿದರು. "ಕೇಳಿಸ್ತಿದೆ, ಕಿರುಚಬೇಡ. ಐವತ್ತೆಂಟು ವರ್ಷ ಬಾಳಿದೀನಿ ಬೊರಿಯಾನಾ. ಸುಲಭದ ಮನುಷ್ಯ ಆಗಿರಲಿಲ್ಲ. ಸಂತ ಅಂತ ಬರೆದ್ರೆ ನನ್ನ ಐವತ್ತೆಂಟು ವರ್ಷದ ಕೆಲಸ ಎಲ್ಲಿ ಹೋಯ್ತು? ಸಂತನ ಜೊತೆ ಯಾರು ಬೇಕಾದ್ರೂ ಬಾಳ್ತಾರೆ."

"ಇದನ್ನ ಅಂಟಿಸಿದ್ರೆ ನಾನು ನಲವತ್ತಕ್ಕೆ ಬರಲ್ಲ."

"ಬರಬೇಡ. ಗಂಡನ್ನ ಕಳಿಸು. ಎಲೆಕೋಸಿನ ಪೀಪಾಯಿ ಸರಿಸೋಕೆ ಓಗ್ನ್ಯಾನ್ ಒಬ್ಬನಿಂದ ಆಗಲ್ಲ."

ಮಿಂಚೊ ಅಚ್ಚು ಹಾಕುವ ಮುನ್ನ ಎರಡು ಸಲ ಓದಿ, "ಇದನ್ನೇ ಹಾಕೋದಾ?" ಎಂದು ಕೇಳಿದ. "ಅದನ್ನೇ" ಎಂದಳು ಝಿವ್ಕಾ. ಅವನು ಕನ್ನಡಕ ತೆಗೆದು ಒರೆಸಿದ. ಕಾಲಿನಾ ಅಮ್ಮನ ಜೊತೆ ಊರೆಲ್ಲ ಸುತ್ತಿ ಅಂಟಿಸಿದಳು. ಸಂಜೆಯೊಳಗೆ ನಿಲ್ದಾಣದ ಗೋಡೆಯ ಮುಂದೆ ಜನ ನಿಲ್ಲತೊಡಗಿದರು. ಕೆಲವರು ನಕ್ಕರು. ಕೆಲವರು ಇನ್ನೊಂದು ಸಲ ಓದಿದರು. ಶಿಶುವಿಹಾರದ ಆಯಾ ಮಾತ್ರ, "ಏನೇ ಝಿವ್ಕಾ, ಸತ್ತೋರ ಬಗ್ಗೆ ಹಂಗೆ ಬರೀಬಾರದಿತ್ತು" ಎಂದು ಮುಖ ತಿರುಗಿಸಿದಳು. ಝಿವ್ಕಾ ಎರಡು ದಿನ ತಲೆತಗ್ಗಿಸಿ ಓಡಾಡಿದಳು. ಹರಿದುಹಾಕಿಬಿಡೋಣ ಎಂದೂ ಒಮ್ಮೆ ಅನಿಸಿತ್ತು.

ನಲವತ್ತನೇ ದಿನ ಶನಿವಾರ ಬಂತು. ಸಮಾಧಿಯ ಹತ್ತಿರ ಪಾದ್ರಿ ಪ್ರಾರ್ಥನೆ ಹೇಳಿ ವೈನ್ ಸುರಿದರು. ಝಿವ್ಕಾ ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿ ಬಂದವರಿಗೆಲ್ಲ ಬಟ್ಟಲಲ್ಲಿ ಕೊಟ್ಟಳು. ಎಲ್ಲರಿಗಿಂತ ಹಿಂದೆ, ಕಪ್ಪು ಕೋಟಿನಲ್ಲಿ, ಬೊರಿಯಾನಾ ನಿಂತಿದ್ದಳು. ಬಂದಿದ್ದಳು. ಗೋಧಿ ತೆಗೆದುಕೊಂಡಳು, ಝಿವ್ಕಾಳ ಮುಖ ನೋಡಲಿಲ್ಲ.

ಊಟಕ್ಕೆ ಅರವತ್ತು ಜನರನ್ನು ಲೆಕ್ಕ ಹಾಕಿದ್ದರು. ಪತ್ರದಲ್ಲಿ ಕರೆದಿದ್ದರಿಂದ ನೂರಕ್ಕೂ ಹೆಚ್ಚು ಬಂದರು. ಅಂಗಳದಲ್ಲಿ ಪಕ್ಕದ ಮನೆಯ ಬಾಗಿಲುಗಳನ್ನೇ ಕಳಚಿ ಮೇಜು ಮಾಡಿದರು. ಸಾರಿಗೆ ಎರಡು ಸಲ ನೀರು ಸೇರಿತು. ಬಾಟಲಿ ಮೆಣಸಿನಕಾಯಿ ತೆರೆದೂ ತೆರೆದೂ ಚಳಿಗಾಲದ ಅರ್ಧ ಖಾಲಿಯಾಯಿತು.

"ನೋಡಿ, ಊಟಕ್ಕೆ ಬನ್ನಿ ಅಂತ ಬರೆಸಿದವರು ಯಾರು?" ಎಂದಳು ಝಿವ್ಕಾ ಹಲ್ಲು ಕಚ್ಚಿ.

"ಬರೆದವಳು ನೀನು" ಎಂದರು ತ್ಸೊನಾ.

ಹಳೆಯ ವಿದ್ಯಾರ್ಥಿಗಳ ಪರವಾಗಿ ಭಾಷಣ ಮಾಡಲು ಮಿಂಚೊ ಎದ್ದುನಿಂತ. ಮೂರು ಪುಟ ಬರೆದು ತಂದಿದ್ದ. ಮೊದಲ ಸಾಲು ಓದಿದ, ನಿಲ್ಲಿಸಿದ, ಮಡಿಸಿ ಜೇಬಿಗಿಟ್ಟ.

"ನಿಜ ಹೇಳಿಬಿಡ್ತೀನಿ. ಐದನೇ ತರಗತೀಲಿ ನನ್ನ ಹೆಸರನ್ನೇ ನಾನು ತಪ್ಪು ಬರೆದಿದ್ದೆ. ಇನ್ನೂರು ಸಲ ಬರೆಸಿದ್ರು. ನನ್ನ ಹೆಸರು ಕಂಡರೆ ನಂಗೇ ವಾಂತಿ ಬರ್ತಿತ್ತು. ಆಮೇಲೆ ಅಚ್ಚಿನ ಕೆಲಸಕ್ಕೆ ಸೇರಿಸಿದ್ದೂ ಅವರೇ. 'ಇವನು ಹೆಸರು ತಪ್ಪು ಮಾಡಲ್ಲ, ಗ್ಯಾರಂಟಿ' ಅಂತ ಚೀಟಿ ಬರೆದುಕೊಟ್ಟು."

ಜನ ನಕ್ಕರು. ಕಟ್ಟೆ ಒಡೆದ ಹಾಗಾಯಿತು. ಪಾದ್ರಿಯೇ ಎದ್ದು, ತಮ್ಮ ಮೊದಲ ಪ್ರವಚನ ಮುಗಿದಾಗ ಮೇಷ್ಟ್ರು ಶಿಲುಬೆಗೆ ಮುತ್ತಿಡಲು ಬಂದವರು ಕಿವಿಯಲ್ಲಿ "ಏಳು ತಪ್ಪು" ಎಂದು ಹೇಳಿಹೋದದ್ದನ್ನು ಹೇಳಿದರು. ಕುರಿದೊಡ್ಡಿಯ ನರ್ಸಮ್ಮ, ಶಾಲೆಗೆ ವಾಪಸ್ ತಂದ ಮೊದಲ ದಿನವೇ ತನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದನ್ನು ಹೇಳಿದಳು. "ಕುರಿಗಳೇ ವಾಸಿ ಅನ್ನಿಸಿತ್ತು!" ಎಂದಳು, ನಗುತ್ತ ಅಳುತ್ತ. ಆಮೇಲೆ ತಡೆದು, "ಕೊನೇಲಿ ನೋಡ್ಕೊಂಡಿದ್ದು ನೀವಂತಲ್ಲ ಝಿವ್ಕಾ. ನಂಗೆ ಗೊತ್ತಿರಲಿಲ್ಲ" ಎಂದಳು. ಝಿವ್ಕಾ ಅವಳಿಗೆ ಇನ್ನೊಂದು ಸೌಟು ಸಾರು ಹಾಕಿದಳು.

"ನನಗೆ ಎರಡು ಅಂಕ ಕೊಟ್ಟಿದ್ರು."

ಬೊರಿಯಾನಾ. ಕೂತಲ್ಲಿಂದಲೇ ಹೇಳಿದ್ದಳು. ಎಲ್ಲರೂ ತಿರುಗಿದರು.

"ಏಳನೇ ತರಗತಿ ಪರೀಕ್ಷೇಲಿ. ಎರಡು ಅಂದ್ರೆ ಫೇಲು. ಇಡೀ ತರಗತೀಲಿ ನಂಗೊಬ್ಬಳಿಗೆ. ಮನೇಲಿ ಊಟಕ್ಕೆ ಕೂತಾಗ ಕೇಳಿದೆ, ಅಪ್ಪ, ಬೇರೆಯವರಿಗೆ ಅದೇ ತಪ್ಪಿಗೆ ಮೂರು ಕೊಟ್ಟಿದೀರಲ್ಲ ಅಂತ. 'ಅವರು ನನ್ನ ಮಕ್ಕಳಲ್ಲ' ಅಂದ್ರು." ಅವಳು ಯಾರನ್ನೂ ನೋಡಲಿಲ್ಲ. "ಅದಾದ ಮೇಲೆ ಅವರಿಗೆ ಒಂದು ಪತ್ರ ಬರೆಯೋಕೂ ನಂಗೆ ಧೈರ್ಯ ಬರ್ತಿರಲಿಲ್ಲ. ಫೋನೇ ಮಾಡ್ತಿದ್ದೆ."

ತ್ಸೊನಾ ಮೇಜಿನಾಚೆಯಿಂದ ಬ್ರೆಡ್ಡಿನ ತಟ್ಟೆಯನ್ನು ಅವಳ ಕಡೆ ಸರಿಸಿದರು.

ಸೂರ್ಯ ಬೆಟ್ಟದ ಹಿಂದೆ ಇಳಿಯುವ ಹೊತ್ತಿಗೆ ಜನ ಕರಗಿದರು. ಗಂಡಸರು ಬಾಗಿಲುಗಳನ್ನು ವಾಪಸ್ ಹೊತ್ತುಕೊಂಡು ಹೋದರು. ಪಾತ್ರೆ ಬೆಟ್ಟದಷ್ಟು ಬಿದ್ದಿತ್ತು. ಝಿವ್ಕಾ ಸಿಂಕಿನ ಮುಂದೆ ನಿಂತಳು. ಸ್ವಲ್ಪ ಹೊತ್ತಿಗೆ ಬೊರಿಯಾನಾ ಬಂದು, ಕೋಟು ಬಿಚ್ಚಿ, ಒರೆಸುವ ಬಟ್ಟೆ ತೆಗೆದುಕೊಂಡಳು. ಹತ್ತು ಹದಿನೈದು ತಟ್ಟೆ ಮುಗಿದವು.

"ಆ ಪದ, ನಾನು ಬೇಕಂತ ಬಿಟ್ಟಿದ್ದಲ್ಲ" ಎಂದಳು ಬೊರಿಯಾನಾ.

"ಗೊತ್ತು ಅಕ್ಕ. ಅದೇ ನಂಗೆ ಸಿಟ್ಟು. ಬೇಕಂತ ಬಿಟ್ಟಿದ್ರೆ ನಾಲ್ಕು ಬೈದು ಸುಮ್ನಾಗ್ತಿದ್ದೆ."

ಮತ್ತೆ ನಾಲ್ಕು ತಟ್ಟೆ.

"ಕೊನೆಕೊನೇಲಿ ನನ್ನ ನೆನೆಸ್ತಿದ್ರಾ?"

"ಮಾತೇ ಇರಲಿಲ್ಲವಲ್ಲ" ಎಂದಳು ಝಿವ್ಕಾ. ಹೌದು ಎಂದುಬಿಡುವುದು ಸುಲಭವಿತ್ತು. ಅವಳು ಒಂದು ಬಾಣಲೆಯ ತಳ ಉಜ್ಜಿದಳು. ಅದು ಬೇಗ ಬಿಡಲಿಲ್ಲ. "ಭಾನುವಾರ ಹತ್ತು ಗಂಟೆಗೆ ನೀವು ಫೋನು ಮಾಡ್ತಿದ್ರಲ್ಲ? ಒಂಬತ್ತೂವರೆಗೇ ಶುರು ಮಾಡೋರು. ಎಡಗೈಲಿ ತಲೆ ಮುಟ್ಟಿ ಮುಟ್ಟಿ ತೋರಿಸೋರು. ಕೂದಲು ಬಾಚಬೇಕು."

"ಕೂದಲು?"

"ಬಾಚಬೇಕು. 'ಮಾವ, ಅದು ಬರೀ ಫೋನು, ಅವರಿಗೆ ನಿಮ್ಮ ಮುಖ ಕಾಣಿಸಲ್ಲ' ಅಂದ್ರೂ ಕೇಳೋರಲ್ಲ. ಬೈತಲೆ ಸೊಟ್ಟ ಆದ್ರೆ ಬೆರಳೆತ್ತೋರು. ಮತ್ತೆ ಮೊದಲಿಂದ. ನೀರು ಹಚ್ಚಿ. ಒಲೆ ಮೇಲೆ ಹಾಲು ಉಕ್ಕಿ ಹೋಗ್ತಿತ್ತು. ಎಷ್ಟು ಭಾನುವಾರ ಬೈದಿದೀನಿ ಗೊತ್ತಾ ಅವರನ್ನ? ನಿಮ್ಮನ್ನೂ."

ಬೊರಿಯಾನಾಳ ಕೈ ನಿಂತಿತ್ತು. "ಇದನ್ನ ನಂಗೆ ಯಾಕೆ ಹೇಳ್ಲಿಲ್ಲ ನೀನು?"

"ನೀವು ಮಾತ್ರೆ ಕೇಳ್ತಿದ್ರಿ. ಬಿಪಿ ಕೇಳ್ತಿದ್ರಿ. ಕೂದಲು ಯಾವತ್ತಾದ್ರೂ ಕೇಳಿದ್ರಾ?"

ಬೊರಿಯಾನಾ ಒದ್ದೆ ತಟ್ಟೆಯನ್ನು ಎದೆಗವಚಿಕೊಂಡು ಸ್ಟೂಲಿನ ಮೇಲೆ ಕುಸಿದಳು. ಮೈಯೆಲ್ಲ ಅಲುಗುತ್ತಿತ್ತು, ಸದ್ದು ಬರುತ್ತಿರಲಿಲ್ಲ.

"ತಟ್ಟೆ ಬೀಳಿಸ್ಬೇಡಿ" ಎಂದಳು ಝಿವ್ಕಾ. "ಪಕ್ಕದ ಮನೆಯವರದು, ಎಣಿಸಿ ಕೊಟ್ಟಿದಾರೆ." ಹೇಳುತ್ತಿದ್ದಂತೆ ಅವಳ ದನಿಯೂ ಒಡೆಯಿತು. ನಲವತ್ತು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು. ಸೋಪಿನ ಕೈಯಲ್ಲಿ ಕಣ್ಣೊರೆಸಿಕೊಳ್ಳಲು ಹೋಗಿ ಕಣ್ಣು ಇನ್ನಷ್ಟು ಉರಿಯಿತು.

"ಒಳಗೆ ಏನು ನಡೀತಿದೆ?" ಮುಂದಿನ ಕೋಣೆಯಿಂದ ತ್ಸೊನಾ ಕೂಗಿದರು. "ಎರಡು ಜನ ಇದ್ದು ಒಂದು ಕಾಫಿ ಮಾಡೋಕಾಗಲ್ವಾ?"

"ಬಂದೆ ಅಮ್ಮ" ಎಂದಳು ಬೊರಿಯಾನಾ. ಮೂಗು ಒರೆಸಿಕೊಂಡು ಎದ್ದು, ಕಪಾಟುಗಳನ್ನು ಒಂದೊಂದಾಗಿ ತೆರೆದಳು. "ಕಾಫಿಪುಡಿ ಎಲ್ಲಿಡ್ತೀಯ?"

"ಎರಡನೇದು. ಅದಲ್ಲ, ಎಡಗಡೆ. ಎಡಗಡೆ ಅಂದೆ ಅಕ್ಕ!"